ಅಂಗೈಯ ಹಗೇವು

ಹಾಸನೂರಿನ ನಮ್ಮ ಮನೆಯಲ್ಲಿ ಎರಡು ಮೊಬೈಲುಗಳಿವೆ. ಒಂದು ಅಣ್ಣನದು, ಅದು ಹಗಲೆಲ್ಲ ಹೊಲದಲ್ಲಿರುತ್ತದೆ. ಇನ್ನೊಂದು ಹೆಸರಿಗೆ ಅತ್ತಿಗೆಯದು. ವಾಸ್ತವದಲ್ಲಿ ಇಡೀ ಮನೆಯದು. ಮಗಳ ಪಾಠ ಅದರಲ್ಲಿ, ಹಾಲಿನ ಲೆಕ್ಕ ಅದರಲ್ಲಿ, ಚಾಮರಾಜನಗರದ ತವರಿನವರ ಮುಖದರ್ಶನ ಅದರಲ್ಲಿ, ಅಡವಿಯಿಂದ ಆನೆ ಇಳಿದಿದೆಯೆಂಬ ಎಚ್ಚರಿಕೆಯೂ ಅದರಲ್ಲಿಯೇ ಬರತಕ್ಕದ್ದು. ದೀಪಾವಳಿ ಕಳೆದು ವಾರವಾಗಿದ್ದಾಗ ಅತ್ತಿಗೆ ಆ ಮೊಬೈಲನ್ನು ತಂದು ನನ್ನ ಕೈಗಿತ್ತು, "ಜಾಗ ಇಲ್ಲ ಅಂತ ಬರ್ತಾ ಅದೆ, ಒಸಿ ನೋಡಪ್ಪಾ" ಎಂದರು. ನೋಡಿದೆ. 32 ಜಿಬಿಯ ಆ ಪುಟ್ಟ ಯಂತ್ರ ಕೊರಳಮಟ್ಟ ತುಂಬಿ ಕುಳಿತಿತ್ತು. ಆಸ್ಪತ್ರೆಯವರು ಅಣ್ಣನ ರಕ್ತಪರೀಕ್ಷೆಯ ವರದಿಯನ್ನು ಕಳುಹಿಸಿದ್ದರು. ಅದನ್ನು ಇಳಿಸಿಕೊಳ್ಳಲೂ ಸ್ಥಳವಿರಲಿಲ್ಲ.

ಈ ಅಂಕಣದ ವಾಚಕರಲ್ಲಿ ಹಲವರು ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳಿದ್ದಾರೆ. ಹೊಸ ಮೊಬೈಲು ಕೊಳ್ಳುವಾಗ ಎಷ್ಟು ಮೆಮೊರಿ ಇರಬೇಕು? ಅಂಗಡಿಯಾತ 128 ಬೇಕೇಬೇಕು ಎನ್ನುತ್ತಾನೆ, ಪಟ್ಟಣದಲ್ಲಿರುವ ಮಗ 256 ಎನ್ನುತ್ತಾನೆ, ಮನೆಯ ಯಜಮಾನರು ಮಾತನಾಡಲು ಒಂದು ಫೋನು ಸಾಲದೇ ಎನ್ನುತ್ತಾರೆ. ಯಾರ ಮಾತು ಸರಿ? ಮೂವರದೂ ಅಷ್ಟಷ್ಟು ಸರಿ. ಆದರೆ ದಿನಬಳಕೆಯೆಂಬುದು ಎಲ್ಲರ ಮನೆಯಲ್ಲಿಯೂ ಒಂದೇ ಅಲ್ಲವಾದುದರಿಂದ, ಉತ್ತರಕ್ಕೆ ಮುನ್ನ ಈ ಮೆಮೊರಿಯೆಂಬುದು ಏನೆಂದು ತುಸು ತಿಳಿದುಕೊಳ್ಳಬೇಕು.

ಮೊಬೈಲಿನ ಪೆಟ್ಟಿಗೆಯ ಮೇಲೆ ಎರಡು ಅಂಕಿಗಳಿರುತ್ತವೆ: 4 ಜಿಬಿ, 64 ಜಿಬಿ ಎಂದು. ಎರಡನ್ನೂ ಮೆಮೊರಿ ಎಂದೇ ಕರೆಯುವುದರಿಂದ ನಮ್ಮಲ್ಲನೇಕರಿಗೆ ಗೊಂದಲ. ಒಕ್ಕಲುತನ ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ. ಮೊದಲನೆಯದು ಕಣ, ಎರಡನೆಯದು ಹಗೇವು. ಸುಗ್ಗಿಯಲ್ಲಿ ತೆನೆಯನ್ನು ಹರಡಿ ಬಡಿಯುವುದು, ತೂರುವುದು, ರಾಶಿ ಮಾಡುವುದು ಎಲ್ಲ ಕಣದಲ್ಲಿ. ಕೆಲಸ ಮುಗಿದೊಡನೆ ಕಣ ಬರಿದು. ಹಾಗೆಯೇ ಯಂತ್ರವು ಆ ಹೊತ್ತಿನಲ್ಲಿ ಮಾಡುತ್ತಿರುವ ಕೆಲಸವೆಲ್ಲ ನಡೆಯುವುದು ರಾಮ್ ಎಂಬ ಆ ಸಣ್ಣ ಅಂಕಿಯಲ್ಲಿ. ವಿದ್ಯುತ್ತು ಹೋದರೆ ಅಲ್ಲಿದ್ದುದೆಲ್ಲ ಇಲ್ಲವಾಗುತ್ತದೆ. ಹಗೇವಾದರೋ ನೆಲದೊಳಗೆ ರಾಗಿಯನ್ನು ವರ್ಷಗಟ್ಟಲೆ ಕಾಯತಕ್ಕದ್ದು. ಚಿತ್ರ, ಹಾಡು, ಪತ್ರ, ತಂತ್ರಾಂಶಗಳೆಲ್ಲ ಉಳಿಯುವುದು ಅಲ್ಲಿ. ಕಣ ಕಿರಿದಾದರೆ ಯಂತ್ರ ತೆವಳುತ್ತದೆ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗಿ ಬರುವಷ್ಟರಲ್ಲಿ ಮೊದಲಿನದು ಮುಚ್ಚಿಹೋಗಿರುತ್ತದೆ. ಹಗೇವು ಕಿರಿದಾದರೆ ನಮ್ಮ ಅತ್ತಿಗೆಗೆ ಬಂದಂಥ ಸಂದೇಶ ಬರುತ್ತದೆ. ಈಚೆಗೆ ಕೆಲವು ಪೆಟ್ಟಿಗೆಗಳ ಮೇಲೆ "4+4" ಎಂದು ಬರೆದಿರುವುದನ್ನು ಕಾಣುತ್ತೇವೆ. ಎರಡನೆಯ ನಾಲ್ಕು ನಿಜವಾದ ಕಣವಲ್ಲ. ಹಗೇವಿನಲ್ಲಿಯೇ ಒಂದು ಮೂಲೆಯನ್ನು ಕಣವೆಂದು ಬಳಸುವುದು. ಹಗೇವಿನೊಳಗೆ ಇಳಿದು ತೆನೆ ಬಡಿದರೆ ಎಷ್ಟು ಕೆಲಸವಾದೀತೋ ಅಷ್ಟೇ ಅದರ ಪ್ರಯೋಜನ.

ಅಳತೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಮದರಾಸಿನ ಪಡಿಗೂ ಮೈಸೂರಿನ ಸೇರಿಗೂ ಹೊಂದಿಕೆಯಿಲ್ಲದೆ ಸಂತೆಯಲ್ಲಿ ನಮ್ಮ ಹಿರಿಯರು ಪಟ್ಟ ಪಾಡು ಗಡಿಯವರಾದ ನಮಗೆ ಹೊಸತಲ್ಲ. ಇಲ್ಲಿಯೂ ಎರಡು ಅಳತೆಗಳಿವೆ. ತಯಾರಕರು ನೂರು ಕೋಟಿ ಬೈಟುಗಳಿಗೆ ಒಂದು ಜಿಬಿ ಎನ್ನುತ್ತಾರೆ. ಗಣಕದ ಹಳೆಯ ಲೆಕ್ಕದಲ್ಲಿ 1024ನ್ನು ಮೂರು ಬಾರಿ ಗುಣಿಸಿ ಬಂದ ಮೊತ್ತ ಒಂದು ಜಿಬಿ. ಅದು 107 ಕೋಟಿಗೂ ಮೇಲಾಗುತ್ತದೆ. ಆದುದರಿಂದ 64 ಎಂದು ಬರೆದುದನ್ನು ಎರಡನೆಯ ಅಳತೆಯಲ್ಲಿ ಅಳೆದರೆ 59 ಚಿಲ್ಲರೆ ಬರುತ್ತದೆ. ಇದು ಮೋಸವಲ್ಲ, ಅಳತೆಯ ಭೇದ. ಅದರ ಮೇಲೆ ಯಂತ್ರದ ಸ್ವಂತ ವ್ಯವಸ್ಥೆಯೇ ಹತ್ತು ಹದಿನೈದು ಜಿಬಿಯನ್ನು ಹಿಡಿದುಕೊಂಡಿರುತ್ತದೆ. ಹೀಗಿರಲು 32 ಜಿಬಿಯ ಮೊಬೈಲನ್ನು ಕೊಂಡವನಿಗೆ ಕೈಗೆ ಹತ್ತುವುದು ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ.

ಉಳಿದ ಅರ್ಧವನ್ನು ತುಂಬಿದವರು ಯಾರು? ಅತ್ತಿಗೆಯನ್ನು ಕೇಳಿದರೆ, "ನಾನೇನು ಹಾಕಿಲ್ಲಪ್ಪ" ಎಂದರು. ಅದು ನಿಜವೂ ಹೌದು. ಬೆಳಗಾದರೆ ಸೂರ್ಯೋದಯದ ಚಿತ್ರ, ಹೂವಿನ ಚಿತ್ರ, ದೇವರ ಚಿತ್ರ, ಅವುಗಳ ಕೆಳಗೆ ಶುಭೋದಯ, ಸಂಜೆಯಾದರೆ ಶುಭರಾತ್ರಿ. ಬಂಧುಗಳ ಗುಂಪು, ಮಹಿಳಾ ಸಂಘದ ಗುಂಪು, ಶಾಲೆಯ ಗುಂಪು, ತವರಿನ ಗುಂಪು ಎಲ್ಲ ಸೇರಿ ದಿನಕ್ಕೆ ನಲವತ್ತು ಚಿತ್ರಗಳಾದರೂ ಬರುತ್ತವೆ. ಒಂದೊಂದು 150 ಕೆಬಿಯೆಂದು ಹಿಡಿದರೆ ದಿನಕ್ಕೆ 6 ಎಂಬಿ, ವರ್ಷಕ್ಕೆ ಎರಡು ಜಿಬಿ ದಾಟಿತು. ಹಾರೈಕೆಯೂ ಹೀಗೆ ಭಾರವಾಗಬಲ್ಲುದೆಂದು ನನಗೆ ತಿಳಿದಿರಲಿಲ್ಲ. ಅವಕ್ಕಿಂತ ಮೇಲಾಗಿ ವೀಡಿಯೊಗಳು. ದೀಪಾವಳಿಯ ಮುಗಿವಿನಲ್ಲಿ ನಮ್ಮ ತಾಳವಾಡಿ ಸೀಮೆಯ ಗುಮಟಾಪುರದಲ್ಲಿ ನಡೆಯುವ ಗೊರೆಹಬ್ಬವನ್ನು ಕಾಣದ ಗಡಿಯ ಕನ್ನಡಿಗರು ವಿರಳ. ಸಗಣಿಯ ರಾಶಿಯ ನಡುವೆ ಗಂಡಸರು ಉಂಡೆ ಕಟ್ಟಿ ಎಸೆದಾಡುವ ಆ ಸಡಗರವನ್ನು ಅಣ್ಣನ ಮಗಳು ಹನ್ನೆರಡು ನಿಮಿಷಗಳ ಕಾಲ ಚಿತ್ರೀಕರಿಸಿದ್ದಳು. ಸ್ಪಷ್ಟವಾದ ವೀಡಿಯೊ ನಿಮಿಷಕ್ಕೆ ನೂರು ಎಂಬಿಯ ಆಸುಪಾಸಿನಲ್ಲಿ ಬೇಡುತ್ತದೆ. ಹನ್ನೆರಡು ನಿಮಿಷಕ್ಕೆ ಒಂದೂಕಾಲು ಜಿಬಿ. ಗೊರೆಹಬ್ಬದ ಗೊಬ್ಬರ ಹೊಲಕ್ಕೆ ಹೋಗುತ್ತದೆ. ಮೊಬೈಲಿನಲ್ಲಿದ್ದುದು ಅಲ್ಲಿಯೇ ಉಳಿಯಿತು.

ಇಲ್ಲಿ ಒಂದು ಪ್ರತೀತಿಯನ್ನು ತಿದ್ದಬೇಕಾಗಿದೆ. ಕನ್ನಡದಲ್ಲಿ ಬರೆದರೆ ಮೆಮೊರಿ ಹೆಚ್ಚು ಬೇಕು, ಆದುದರಿಂದ ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವುದೇ ಮೇಲೆಂದು ಓದಿದ ಹುಡುಗರೇ ನನಗೆ ಬೋಧಿಸಿದ್ದಾರೆ. ಅವರ ಮಾತಿನ ಮೊದಲರ್ಧ ಸುಳ್ಳಲ್ಲ. ಯೂನಿಕೋಡಿನ ರೂಢಿಯ ಕ್ರಮದಲ್ಲಿ ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು; ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟು ಬೇಕು. ಹಾಸನೂರು ಎಂಬ ನಮ್ಮ ಊರ ಹೆಸರಿನಲ್ಲಿ ಹಕಾರ, ಅದರ ದೀರ್ಘ, ಸಕಾರ, ನಕಾರ, ಅದರ ಊತ್ವ, ರಕಾರ, ಅದರ ಉತ್ವ ಎಂದು ಏಳು ಚಿಹ್ನೆಗಳು, ಇಪ್ಪತ್ತೊಂದು ಬೈಟು. ಇಂಗ್ಲಿಷಿನಲ್ಲಿ ಏಳಕ್ಕೇ ಮುಗಿಯುತ್ತದೆ. ಆದರೆ ಈ ಮೂರು ಪಟ್ಟು ಎಷ್ಟರದು? ದಿನಕ್ಕೆ ಸಾವಿರ ಚಿಹ್ನೆಗಳಷ್ಟು ಕನ್ನಡವನ್ನು ತಪ್ಪದೆ ಬರೆದರೂ 3 ಕೆಬಿ. ವರ್ಷಕ್ಕೆ ಒಂದು ಎಂಬಿಗೆ ತುಸು ಮೇಲೆ. ಹತ್ತು ವರ್ಷಕ್ಕೆ ಹನ್ನೊಂದು ಎಂಬಿ. ಕ್ಯಾಮರಾದಿಂದ ತೆಗೆದ ಮೂರು ನಾಲ್ಕು ಚಿತ್ರಗಳಷ್ಟು! ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ಕನ್ನಡ ನಿಘಂಟು ಒಂಬತ್ತು ಸಾವಿರ ಪುಟಗಳನ್ನು ಮೀರಿದುದು. ಪುಟಕ್ಕೆ ನಾಲ್ಕು ಸಾವಿರ ಚಿಹ್ನೆಗಳೆಂದು ಹಿಡಿದು ಲೆಕ್ಕ ಹಾಕಿ ನೋಡಿದೆ: ಅಕ್ಷರವಾಗಿ ಅಷ್ಟನ್ನೂ ಇಟ್ಟರೆ ಸುಮಾರು 108 ಎಂಬಿ. ನಮ್ಮ ಹುಡುಗಿ ತೆಗೆದ ಗೊರೆಹಬ್ಬದ ಒಂದು ನಿಮಿಷ. ಸ್ಥಳದ ನೆಪ ಹೇಳಿ ಲಿಪಿಯನ್ನು ಬಿಡುವವರು ಬೇರೆ ನೆಪವನ್ನು ಹುಡುಕಿಕೊಳ್ಳಲಿ.

ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಎಷ್ಟು ಮೆಮೊರಿ ಸಾಕೆಂಬ ಪ್ರಶ್ನೆಯನ್ನು ನಮ್ಮ ನೆರೆಯ ಬೆಂಗಳೂರಿನಲ್ಲಿ ಕಾಲು ಶತಮಾನಕ್ಕೂ ಹಿಂದೆಯೇ ಬಹಳ ಗಂಭೀರವಾಗಿ ಕೇಳಲಾಗಿತ್ತು. ಇಂದಿನ ತರುಣರಿಗೆ ಸಿಂಪ್ಯೂಟರ್ ಎಂಬ ಹೆಸರೇ ಅಪರಿಚಿತ. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಮಾಹಿತಿ ತಂತ್ರಜ್ಞಾನದ ಸಮಾವೇಶದ ಸಂದರ್ಭದಲ್ಲಿ ಮೊಳೆತ ಆಲೋಚನೆಯದು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಎಂಬ ನಾಲ್ವರು ಪ್ರಾಧ್ಯಾಪಕರೂ ಎನ್‌ಕೋರ್ ಎಂಬ ಸಂಸ್ಥೆಯವರೂ ಕೂಡಿ, ಹಳ್ಳಿಯ ಬಡವನೂ ಬಳಸಬಲ್ಲ ಅಂಗೈಯ ಗಣಕವೊಂದನ್ನು ಒಂಬತ್ತು ಸಾವಿರ ರೂಪಾಯಿಯ ಸುಮಾರಿಗೆ ಒದಗಿಸಬೇಕೆಂದು ಹೊರಟರು. ಸರಳ, ಅಗ್ಗ, ಬಹುಭಾಷಿಕ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಅದರ ಹೆಸರು ಹುಟ್ಟಿತು. 2001ರ ವೇಳೆಗೆ ಮಾದರಿಗಳು ಸಿದ್ಧವಾದುವು. 2004ರಲ್ಲಿ ಪಿಕೋಪೆಟಾ ಸಂಸ್ಥೆಯೂ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ಅದನ್ನು ಅಮಿಡಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದುವು.

ಆ ಯಂತ್ರದ ಮೊದಲ ಮಾದರಿಗಳಲ್ಲಿ ಕಣವೆಂಬುದು ಹೆಚ್ಚೆಂದರೆ 64 ಎಂಬಿ, ಹಗೇವು 32 ಎಂಬಿ. ಜಿಬಿಯಲ್ಲ, ಎಂಬಿ! ಇಂದಿನ 64 ಜಿಬಿಯ ಮೊಬೈಲಿನ ಹಗೇವು ಅದರ ಎರಡು ಸಾವಿರ ಪಟ್ಟು. ಅಷ್ಟರಲ್ಲಿಯೇ ಅದು ಕನ್ನಡವನ್ನು ಓದಿ ಹೇಳಬೇಕೆಂದು ಅವರು ಬಯಸಿದರು. ಬರೆಹವನ್ನು ಧ್ವನಿಯಾಗಿಸುವ "ಧ್ವನಿ" ಎಂಬ ತಂತ್ರಾಂಶ ರಮೇಶ್ ಹರಿಹರನ್ ಅವರ ನೇತೃತ್ವದಲ್ಲಿ ಈ ಉದ್ದೇಶಕ್ಕಾಗಿಯೇ ರೂಪುಗೊಂಡಿತು. ಅಕ್ಷರ ಬಾರದವನಿಗೂ ಗಣಕ ದಕ್ಕಬೇಕೆಂಬುದು ಅವರ ಹಟವಾಗಿತ್ತು. ಕರ್ನಾಟಕ ಸರಕಾರ ಭೂದಾಖಲೆಯ ಕೆಲಸಕ್ಕೆ ಈ ಯಂತ್ರವನ್ನು ಬಳಸಿ ನೋಡಿದ್ದೂ ಉಂಟು. ಮಾರಾಟವಾದುದು ಕೆಲವೇ ಸಾವಿರ. ಅಗ್ಗದ ಮೊಬೈಲುಗಳು ಬಂದ ಮೇಲೆ ಅದನ್ನು ಕೇಳುವವರಿಲ್ಲವಾಯಿತು.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಅದರ ಇನ್ನೊಂದು ಏರ್ಪಾಟು. ಒಂದು ಯಂತ್ರವನ್ನು ಇಡೀ ಹಳ್ಳಿ ಹಂಚಿಕೊಳ್ಳಬೇಕು. ಆದರೆ ಪ್ರತಿಯೊಬ್ಬರ ಕೈಯಲ್ಲಿಯೂ ತಮ್ಮದೇ ಆದ ಒಂದು ಪುಟ್ಟ ಸ್ಮಾರ್ಟ್ ಕಾರ್ಡ್ ಇರಬೇಕು. ಅದನ್ನು ಸಿಕ್ಕಿಸಿದಾಗ ಯಂತ್ರ ಅವರದು, ತೆಗೆದಾಗ ಇನ್ನೊಬ್ಬರದು. ಅಂದರೆ ಯಂತ್ರದ ಹೊಟ್ಟೆ ಚಿಕ್ಕದಾದರೂ ಚಿಂತೆಯಿಲ್ಲ; ಅವರವರ ನೆನಪು ಅವರವರ ಬಳಿ. ಈಗ ನಮ್ಮ ಮನೆಗಳಲ್ಲಿ ಆಗಿರುವುದು ಇದರ ತಿರುಗುಮುರುಗು. ಮಗಳ ಪಾಠ, ಅಣ್ಣನ ಪಟ್ಟಾ, ಅತ್ತಿಗೆಯ ಹಾಡು, ಯಾರೋ ಕಳುಹಿಸಿದ ಹೂವು ಎಲ್ಲ ಒಂದೇ ಹಗೇವಿನಲ್ಲಿ ಬೆರೆತುಹೋಗಿವೆ. ರಾಗಿಯನ್ನು ತೆಗೆಯಲು ಇಳಿದವನ ಕೈಗೆ ಬಿತ್ತನೆಯ ಬೀಜವೂ ಬರುತ್ತದೆ.

ಹಾಗೆಯೇ ಆಯಿತು. ಅಂದು ನಾನು ಕೆಲಸವಿದೆಯೆಂದು ಮೊಬೈಲನ್ನು ಹಿಂದಿರುಗಿಸಿ, ನಾಳೆ ನೋಡೋಣ ಎಂದೆ. ತಪ್ಪು ನನ್ನದು. ಅಣ್ಣನ ವರದಿ ಬೇಕಿತ್ತಾದುದರಿಂದ ಅತ್ತಿಗೆ ಮರುದಿನವೇ ಬಸ್ಸು ಹತ್ತಿ ಪಟ್ಟಣದ ಒಂದು ಅಂಗಡಿಗೆ ಹೋದರು. ಅಲ್ಲಿದ್ದ ಹುಡುಗ ಐವತ್ತು ರೂಪಾಯಿ ತೆಗೆದುಕೊಂಡು ಹತ್ತೇ ನಿಮಿಷದಲ್ಲಿ ಆರು ಜಿಬಿಯನ್ನು ಖಾಲಿ ಮಾಡಿಕೊಟ್ಟ. ಶುಭೋದಯಗಳು ಹೋದುವು, ಗೊರೆಹಬ್ಬ ಹೋಯಿತು. ಧ್ವನಿಮುದ್ರಣಗಳೆಂಬ ಪಟ್ಟಿಯನ್ನು ತೆರೆದು ಎಲ್ಲವನ್ನೂ ಒಟ್ಟಿಗೆ ಗುರುತು ಮಾಡಿ ಅಳಿಸಿದ. ಅದರಲ್ಲಿ ಅವ್ವನ ಹನ್ನೊಂದು ಹಾಡುಗಳಿದ್ದುವು.

ಅವ್ವ ತೀರಿಕೊಂಡು ಎರಡು ವರ್ಷವಾಯಿತು. ಸೋಬಾನೆಯ ಪದಗಳನ್ನೂ ರಾಗಿ ಬೀಸುವ ಪದಗಳನ್ನೂ ಆಕೆ ತನ್ನ ತಾಯಿಯಿಂದ ಕಲಿತವಳು. ಕಡೆಯ ಎರಡು ಚಳಿಗಾಲಗಳಲ್ಲಿ ಅತ್ತಿಗೆ ಒಲೆಯ ಮುಂದೆ ಕುಳಿತು, ಒಂದೊಂದಾಗಿ ಹಾಡಿಸಿ ಮೊಬೈಲಿನಲ್ಲಿ ಹಿಡಿದಿಟ್ಟಿದ್ದರು. ನಾನೂ ನನ್ನ ಅಣ್ಣನೂ ಮಾಡದ ಕೆಲಸವನ್ನು ಆ ಮನೆಗೆ ಸೊಸೆಯಾಗಿ ಬಂದವರು ಮಾಡಿದ್ದರು. ಹನ್ನೊಂದು ಹಾಡು, ಒಟ್ಟು ನಲವತ್ತನಾಲ್ಕು ನಿಮಿಷ. ಸಾಧಾರಣ ಗುಣಮಟ್ಟದ ಧ್ವನಿಯಾದುದರಿಂದ ಎಲ್ಲ ಸೇರಿ 21 ಎಂಬಿ. ಗೊರೆಹಬ್ಬದ ಆ ವೀಡಿಯೊದಲ್ಲಿ ಅದು ಹದಿಮೂರು ಸೆಕೆಂಡಿಗೆ ಸಮ. ಆರು ಜಿಬಿ ಖಾಲಿಯಾದುದರಲ್ಲಿ ಅವ್ವನ ಪಾಲು ಮುನ್ನೂರರಲ್ಲಿ ಒಂದಕ್ಕಿಂತ ಸ್ವಲ್ಪವೇ ಹೆಚ್ಚು. ಅದನ್ನು ಅಳಿಸದಿದ್ದರೂ ವರದಿ ಬಂದೇ ಬರುತ್ತಿತ್ತು.

ಅಳಿಸಿದ್ದನ್ನು ಮರಳಿ ಪಡೆಯಲಾಗದೇ ಎಂದು ಕೇಳುವಿರಿ. ಅನೇಕ ತಂತ್ರಾಂಶಗಳು ಅಳಿಸಿದ್ದನ್ನು ಒಡನೆಯೇ ಎಸೆಯದೆ ಒಂದು ತಿಂಗಳೋ ಎರಡು ತಿಂಗಳೋ ಕಸದ ಬುಟ್ಟಿಯಲ್ಲಿ ಇಟ್ಟಿರುತ್ತವೆ. ಅಲ್ಲಿಂದ ಹಿಂದಕ್ಕೆ ತೆಗೆಯಬಹುದು. ಆದರೆ ಬುಟ್ಟಿಯಲ್ಲಿರುವುದೂ ಸ್ಥಳವನ್ನು ಹಿಡಿದಿರುವುದರಿಂದ ಆ ಹುಡುಗ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿ ಅದನ್ನೂ ಬರಿದು ಮಾಡಿದ್ದ. ಈಗಿನ ಮೊಬೈಲುಗಳು ಒಳಗಿನದನ್ನೆಲ್ಲ ಗೂಢಲಿಪಿಯಲ್ಲಿ ಇಡುವುದರಿಂದ, ಬುಟ್ಟಿಯಿಂದಲೂ ಹೋದುದನ್ನು ಕೆದಕಿ ತೆಗೆಯುವುದು ಬಹುಮಟ್ಟಿಗೆ ಆಗದ ಮಾತು. ಆತನ ಮೇಲೆ ನನಗೆ ಕೋಪವಿಲ್ಲ. ಜಾಗ ಬೇಕೆಂದು ಹೋದವರಿಗೆ ಜಾಗ ಮಾಡಿಕೊಟ್ಟ. ಹಾಡಿನ ಹೆಸರಿನ ಬದಲು ತಾರೀಖಿನ ಅಂಕಿಗಳಷ್ಟೇ ಇದ್ದ ಆ ಪಟ್ಟಿಯಲ್ಲಿ ಅವ್ವನನ್ನು ಆತ ಗುರುತಿಸುವುದೆಂತು?

ಇಂಥ ಮಾತನ್ನು ಪಟ್ಟಣದ ಬಂಧುಗಳಿಗೆ ಹೇಳಿದರೆ, "ಎಲ್ಲವನ್ನೂ ಕ್ಲೌಡಿನಲ್ಲಿ ಇಡಬಾರದಿತ್ತೇ?" ಎನ್ನುತ್ತಾರೆ. ದೂರದ ಉಗ್ರಾಣದಲ್ಲಿ ಇಡುವ ಆ ಏರ್ಪಾಟು ಒಳ್ಳೆಯದೇ. ಗೂಗಲ್ ಸಂಸ್ಥೆ ಪ್ರತಿಯೊಬ್ಬರಿಗೂ 15 ಜಿಬಿಯನ್ನು ಹಣವಿಲ್ಲದೆ ಕೊಡುತ್ತದೆ. 2021ರ ಜೂನ್ 1ರವರೆಗೆ ಚಿತ್ರಗಳಿಗೆ ಮಿತಿಯೇ ಇರಲಿಲ್ಲ, ಅಂದಿನಿಂದ ಅವೂ ಆ ಹದಿನೈದರ ಲೆಕ್ಕಕ್ಕೆ ಸೇರಿದುವು. ಆದರೆ ಉಗ್ರಾಣಕ್ಕೆ ಹೋಗಲು ದಾರಿ ಬೇಡವೇ? ದಿಂಬಂನ ಇಪ್ಪತ್ತೇಳು ತಿರುವುಗಳನ್ನು ಹತ್ತಿ ಬರುವವರೆಲ್ಲರಿಗೂ ಗೊತ್ತು, ಸಿಗ್ನಲ್ಲು ಎಲ್ಲಿ ಬಿಟ್ಟುಹೋಗುತ್ತದೆ, ಎಲ್ಲಿ ಮತ್ತೆ ಹಿಡಿಯುತ್ತದೆ ಎಂದು. ನಮ್ಮ ಮನೆಯಲ್ಲಿ ಹಿತ್ತಲ ಹಲಸಿನ ಮರದ ಬುಡದಲ್ಲಿ ಎರಡು ಗೆರೆ, ಪಡಸಾಲೆಯಲ್ಲಿ ಒಂದು, ಅಡುಗೆಮನೆಯಲ್ಲಿ ಸೊನ್ನೆ. ಒಂದೂಕಾಲು ಜಿಬಿಯನ್ನು ಆ ಮರದಡಿಯಿಂದ ಮೇಲಕ್ಕೆ ಕಳುಹಿಸುವುದೆಂದರೆ ಚಮಚದಲ್ಲಿ ಕೆರೆ ತುಂಬಿದಂತೆ. ಆದರೆ 21 ಎಂಬಿಯನ್ನು ಕಳುಹಿಸಬಹುದಿತ್ತು. ಕಾಲು ಗಂಟೆಯ ಕೆಲಸ. ಚಿಕ್ಕದಾದುದನ್ನು ಬೇರೆಡೆಯೂ ಇಡಬೇಕು, ದೊಡ್ಡದನ್ನು ಇಲ್ಲಿಯೇ ಇರಗೊಡಬೇಕು ಎಂಬ ವಿವೇಕ ನಮಗೆ ಆಗ ಹೊಳೆಯಲಿಲ್ಲ.

ಮೆಮೊರಿ ಕಾರ್ಡ್ ಹಾಕಿದ್ದರೆ ಎಂದು ಇನ್ನೊಂದು ಸಲಹೆ. ಇಲ್ಲಿ ಗಡಿನಾಡಿನವರಾದ ನಮ್ಮದೇ ಒಂದು ಸಂಕಟವಿದೆ. ಮೈಸೂರಿನವರಿಗೂ ಕೊಯಮತ್ತೂರಿನವರಿಗೂ ಇದು ಅರ್ಥವಾಗಲಾರದು. ನಮ್ಮಲ್ಲಿ ಬಹಳ ಮಂದಿಗೆ ಎರಡು ಸಿಮ್ಮುಗಳು ಬೇಕು. ಒಂದು ತಮಿಳುನಾಡಿನದು: ಪಡಿತರ ಚೀಟಿಗೂ ಬ್ಯಾಂಕಿಗೂ ಶಾಲೆಗೂ ಕೊಟ್ಟಿರುವ ಸಂಖ್ಯೆ. ಇನ್ನೊಂದು ಕರ್ನಾಟಕದ್ದು: ಅತ್ತ ಕಡೆ ಹೊಲವಿದ್ದವರಿಗೆ, ಹೆಣ್ಣು ಕೊಟ್ಟು ತಂದವರಿಗೆ, ಪುಣಜನೂರಿನ ಚೆಕ್‌ಪೋಸ್ಟ್ ದಾಟಿ ವಾರಕ್ಕೆರಡು ಬಾರಿ ಹೋಗಿಬರುವವರಿಗೆ ಬೇಕಾದುದು. ಒಂದು ಸಂಸ್ಥೆಯ ಗೋಪುರ ಎಟುಕದ ಹಳ್ಳದಲ್ಲಿ ಇನ್ನೊಂದರದು ಎಟುಕುವುದೂ ಉಂಟು. ಆದರೆ ಅನೇಕ ಮೊಬೈಲುಗಳಲ್ಲಿ ಇರುವುದು ಎರಡೇ ಗೂಡು. ಎರಡನೆಯ ಗೂಡಿನಲ್ಲಿ ಒಂದೋ ಎರಡನೆಯ ಸಿಮ್ಮು, ಇಲ್ಲವೇ ಕಾರ್ಡು. ಎರಡೂ ಕೂಡದು. ಅತ್ತಿಗೆಯ ಮೊಬೈಲು ಅಂಥದು. ತವರಿನ ಸಂಖ್ಯೆಯನ್ನು ಬಿಟ್ಟು ಕಾರ್ಡು ಹಾಕಿಕೊಳ್ಳಿ ಎಂದು ಯಾವ ಬಾಯಿಂದ ಹೇಳಲಿ? ಆದುದರಿಂದ ಹೊಸದನ್ನು ಕೊಳ್ಳುವ ಗಡಿಯ ಕುಟುಂಬದವರು ಮೆಮೊರಿಯ ಅಂಕಿಯನ್ನು ನೋಡುವುದಕ್ಕೂ ಮುನ್ನ ಗೂಡುಗಳು ಎರಡೋ ಮೂರೋ ಎಂದು ಕೇಳಿ, ತಟ್ಟೆಯನ್ನು ಹೊರಗೆಳೆಸಿ ಕಣ್ಣಾರೆ ನೋಡಿರಿ. ಕಾರ್ಡನ್ನು ಕೊಳ್ಳುವಾಗಲೂ ಎಚ್ಚರ ಬೇಕು. ಸಂತೆಯಲ್ಲಿ ಇನ್ನೂರು ರೂಪಾಯಿಗೆ 512 ಜಿಬಿ ಎಂದು ಮಾರುವುದು ಬೆರಕೆಯ ಮಾಲು; ಒಳಗಿರುವುದು ಅದರ ಹತ್ತರಲ್ಲೊಂದು ಪಾಲೂ ಇಲ್ಲದೆ, ತುಂಬಿದಂತೆಲ್ಲ ಹಳೆಯದನ್ನು ಕೆಡಿಸುತ್ತ ಹೋಗುತ್ತದೆ.

ಇನ್ನು ಎಷ್ಟು ಸಾಕೆಂಬ ಮೂಲ ಪ್ರಶ್ನೆಗೆ ಬರೋಣ. ಮಾತನಾಡುವುದು, ವಾಟ್ಸಾಪ್, ಹಣ ಕಳುಹಿಸುವುದು, ಆಗಾಗ ಒಂದು ಚಿತ್ರ ತೆಗೆಯುವುದು ಇಷ್ಟೇ ಇರುವ ಹಿರಿಯರಿಗೆ 4 ಜಿಬಿಯ ಕಣ, 64 ಜಿಬಿಯ ಹಗೇವು ಸಾಕೆಂದು ನನ್ನ ಅಭಿಪ್ರಾಯ; ಬಂದ ಚಿತ್ರಗಳೆಲ್ಲ ತಾವಾಗಿ ಇಳಿಯದಂತೆ ವಾಟ್ಸಾಪಿನ ಸೆಟ್ಟಿಂಗಿನಲ್ಲಿ ಒಮ್ಮೆ ತಡೆದುಬಿಟ್ಟರೆ ವರ್ಷಗಟ್ಟಲೆ ತೊಂದರೆಯಿಲ್ಲ. ಓದುವ ಮಕ್ಕಳಿರುವ, ಇಡೀ ಮನೆ ಹಂಚಿಕೊಳ್ಳುವ ಮೊಬೈಲಾದರೆ 128ಕ್ಕಿಂತ ಕಡಮೆಗೆ ಹೋಗಬೇಡಿರಿ. 32ರ ಕಾಲ ಮುಗಿಯಿತು. 256 ಬೇಕಾಗುವುದು ವೀಡಿಯೊ ತೆಗೆಯುವುದೇ ಹವ್ಯಾಸವಾದವರಿಗೆ. ಹತ್ತರಲ್ಲಿ ಒಂದು ಪಾಲನ್ನಾದರೂ ಸದಾ ಖಾಲಿ ಬಿಟ್ಟಿರಬೇಕು; ಒತ್ತಿ ತುಂಬಿದ ಯಂತ್ರ ನಿಧಾನವಾಗುತ್ತದೆ. 2025ರ ಕೊನೆಯ ಭಾಗದಿಂದ ಮೆಮೊರಿ ಚಿಪ್ಪುಗಳ ಬೆಲೆ ಜಗತ್ತಿನಾದ್ಯಂತ ಏರಿತೆಂಬುದನ್ನೂ, ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಗಣಕಗಳು ಚಿಪ್ಪುಗಳನ್ನು ಬಾಚಿಕೊಳ್ಳುತ್ತಿದ್ದುದೇ ಅದಕ್ಕೆ ಮುಖ್ಯ ಕಾರಣವೆಂಬುದನ್ನೂ ಲೆಕ್ಕಕ್ಕೆ ಹಿಡಿದು, ಬೇಕಾದುದಕ್ಕಿಂತ ಹೆಚ್ಚಿನದಕ್ಕೆ ಹಣ ಸುರಿಯುವ ಮುನ್ನ ಯೋಚಿಸಿರಿ.

ಸ್ಥಳ ಸಾಕಷ್ಟಿದ್ದರೂ ಯಂತ್ರ ಸಾಲದೆ ಹೋಗುವ ಇನ್ನೊಂದು ಬಗೆಯಿದೆ. 2017ರಲ್ಲಿ ಬಂದ ಜಿಯೋಫೋನ್ ನಮ್ಮ ಬೆಟ್ಟದ ಸೀಮೆಗೂ ಬಂತು. ಅದರ ಕಣ 512 ಎಂಬಿ, ಹಗೇವು 4 ಜಿಬಿ. ಅಷ್ಟರಲ್ಲಿಯೇ ಎಷ್ಟೋ ಮಂದಿ ಅಜ್ಜಿಯರು ಮೊಮ್ಮಕ್ಕಳ ಮುಖ ಕಂಡರು. ಆದರೆ 2024ರ ಜೂನಿನಿಂದಾಚೆಗೆ ಆ ಬಗೆಯ ಯಂತ್ರಗಳಿಗೆ ವಾಟ್ಸಾಪ್ ಹೊಸದಾಗಿ ದೊರೆಯದಾಯಿತು. 2025ರ ಜನವರಿಯಲ್ಲಿ ತೀರ ಹಳೆಯ ಆಂಡ್ರಾಯ್ಡ್ ಮೊಬೈಲುಗಳಿಗೂ ಅದೇ ಗತಿಯಾಯಿತು. ಹಗೇವಿನಲ್ಲಿ ಸ್ಥಳವಿದ್ದು ಬಾಗಿಲೇ ಮುಚ್ಚಿಹೋದಂತೆ. ಹಳೆಯ ಮಾದರಿ ಅಗ್ಗಕ್ಕೆ ಸಿಕ್ಕಿತೆಂದು ತಂದು ಅದರಲ್ಲಿ 128 ಇದೆಯೆಂದು ಹಿಗ್ಗುವವರು ಈ ಮಾತನ್ನು ಗಮನಿಸಬೇಕು.

ನಮ್ಮ ಮನೆಯಲ್ಲಿ ಚರ್ಚೆ ನಾಲ್ಕು ದಿನ ನಡೆಯಿತು. ಅಣ್ಣ ಹೊಸದೇ ಬೇಡವೆಂದರು. ಮಗಳು 128 ಎಂದಳು. ನಾನು 64 ಸಾಕು, ಮೂರು ಗೂಡಿರಲಿ, ಬೇರೆ ಒಂದು ಸಣ್ಣ ಕಾರ್ಡು ಇರಲಿ ಎಂದೆ. ಅತ್ತಿಗೆ ಏನೂ ಹೇಳಲಿಲ್ಲ. ಕಡೆಗೆ ಬಂದುದು 128ರದೇ, ಮೂರು ಗೂಡಿನದು. ಹುಡುಗಿಯ ಮಾತೂ ನಡೆಯಿತು, ನನ್ನದೂ ಅರ್ಧ ಉಳಿಯಿತು. ಕಾರ್ಡಿನಲ್ಲಿ "ಅವ್ವ" ಎಂದು ಕನ್ನಡದಲ್ಲಿಯೇ ಹೆಸರು ಬರೆದು ಒಂದು ಫೋಲ್ಡರು ಮಾಡಿದ್ದೇವೆ. ಅದರ ನಕಲು ಅಣ್ಣನ ಮೊಬೈಲಿನಲ್ಲಿ, ಇನ್ನೊಂದು ನನ್ನ ಬಳಿ.

ಅದರಲ್ಲಿ ಈಗ ಇರುವುದು ನಾಲ್ಕು ಹಾಡು. ಅವ್ವನ ಧ್ವನಿಯಲ್ಲಿ ಒಂದೇ ಒಂದು. ಅತ್ತಿಗೆ ಯಾವಾಗಲೋ ತವರಿನ ತಂಗಿಗೆ ಕಳುಹಿಸಿದ್ದುದು, ಆಕೆ ಅದನ್ನು ಅಳಿಸಿರಲಿಲ್ಲ. ಮಿಕ್ಕ ಮೂರನ್ನು ಅತ್ತಿಗೆ ತಾವೇ ಹಾಡಿದ್ದಾರೆ. ಇನ್ನೆರಡು ಅರ್ಧ ನೆನಪಿಗೆ ಬಂದಿವೆ. ಹೆಣ್ಣನ್ನು ಗಂಡನ ಮನೆಗೆ ಕಳುಹಿಸುವಾಗ ಹಾಡುವ ಪದವೊಂದರಲ್ಲಿ ನಾಲ್ಕನೆಯ ನುಡಿಯ ತನಕ ಸರಾಗವಾಗಿ ಬಂದು, ಅಲ್ಲಿ ನಿಲ್ಲುತ್ತಾರೆ. ದಿಬ್ಬಣ ಹೊಳೆ ದಾಟಿದ ಮೇಲೆ ತಾಯಿ ಏನು ಹೇಳುತ್ತಾಳೆಂಬುದು ಅವರಿಗೆ ಹೊಳೆಯುತ್ತಿಲ್ಲ. ದೊಡ್ಡಗಾಜನೂರು, ಗುಮಟಾಪುರ, ತಾಳವಾಡಿಯ ಕಡೆಯ ಹಿರಿಯ ಹೆಣ್ಣುಮಕ್ಕಳಲ್ಲಿ ಯಾರಿಗಾದರೂ ಆ ಪದ ಪೂರ್ತಿ ಬರುತ್ತಿದ್ದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ತಿಳಿಸಬೇಕು. ಬರೆದು ಕಳುಹಿಸಿದರೆ ನಾಲ್ಕು ಕೆಬಿಯಾದೀತು. ಹಾಡಿ ಕಳುಹಿಸಿದರೆ ಎರಡು ಎಂಬಿ. ಸ್ಥಳವಿದೆ.